ಮನೆಯೊಳಗಿನ ಕೂಗುಮಾರಿ

ಕೂಗುಮಾರಿಯ ಕಥೆ ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ಸರಿರಾತ್ರಿಯಲ್ಲಿ ಬಾಗಿಲ ಹೊರಗೆ ನಿಂತು, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳಂತೆ. ಓಗೊಟ್ಟವರ ಕಥೆ ಅಲ್ಲಿಗೆ ಮುಗಿಯಿತಂತೆ. ಅವಳನ್ನು ಸಾಗಹಾಕಲು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದ ಕಾಲವೊಂದಿತ್ತು. ಓದು ಬಲ್ಲ, ಆದರೆ ಲೆಕ್ಕ ಬಾರದ ಮಾರಿ ಪಾಪ, ದಿನವೂ ಓದಿಕೊಂಡು ದಿನವೂ ಹಿಂದಿರುಗುತ್ತಿದ್ದಳು. ಈಗ ಕಾಲ ಬದಲಾಗಿದೆ. ಕೂಗುಮಾರಿ ಹೊರಗೆ ನಿಲ್ಲುವುದಿಲ್ಲ. ನಾವೇ ದುಡ್ಡು ಕೊಟ್ಟು, ಕೊರಿಯರ್‌ನಲ್ಲಿ ತರಿಸಿ, ಗೋಡೆಗೆ ಸ್ಕ್ರೂ ಹಾಕಿಸಿ ಒಳಗೇ ಕೂರಿಸಿಕೊಂಡಿದ್ದೇವೆ. ಇವಳೂ ಸರಿರಾತ್ರಿಯಲ್ಲೇ ಕೂಗುತ್ತಾಳೆ. 'ನಾಳೆ ಬಾ' ಎಂದರೆ ಕೇಳುವ ಪೈಕಿಯಲ್ಲ.

ನಾನು ಹೇಳುತ್ತಿರುವುದು ಮನೆ ಕಾಯುವ ಅಲಾರಮ್ಮಿನ ವಿಷಯ. ಅದರ ಪರಿಚಯ ನನಗಾದದ್ದು ಸಾಗರದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಪ್ಪ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಹೆಂಚಿನ ಮನೆಯಲ್ಲಿ ಅವರೊಬ್ಬರೇ. ವಯಸ್ಸು ಎಪ್ಪತ್ತೆಂಟು. ಮಂಡಿನೋವು ಬಿಟ್ಟರೆ ಬೇರೆ ದೂರಿಲ್ಲ. ಹೂವಿನ ಗಿಡ, ಭಜನಾ ಮಂಡಳಿ, ಸಂಜೆ ಜಗಲಿಯಲ್ಲಿ ಕೂತು ಹೋಗಿಬರುವವರನ್ನು ಮಾತನಾಡಿಸುವುದು, ಇಷ್ಟರಲ್ಲಿ ದಿನ ಕಳೆಯುತ್ತದೆ. ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾನು ಎರಡು ಬೀದಿ ಆಚೆ ಇದ್ದೇನೆ.

ಅಣ್ಣ ಕಳೆದ ಬೇಸಿಗೆಯಲ್ಲಿ ಬಂದವನು ಹೋಗುವ ಮೊದಲು ಮನೆಗೆ ಒಂದು ಕಾವಲು ಇಟ್ಟುಹೋದ. ಮುಂಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು ಸೆನ್ಸರು. ನಡುಮನೆಯ ಗೋಡೆಯ ಮೇಲೆ ಬಿಳಿಯ ಮೊಟ್ಟೆಯನ್ನು ಅರ್ಧಕ್ಕೆ ಹೆಚ್ಚಿ ಅಂಟಿಸಿದಂತಿರುವ ಇನ್ನೊಂದು. ಅಡುಗೆಮನೆಯ ಮಾಡಿಗೆ ಹೊಗೆ ಹಿಡಿಯುವ ಬಟ್ಟಲು. ಇವೆಲ್ಲಕ್ಕೂ ಯಜಮಾನನಂತೆ ದೇವರಕೋಣೆಯ ಪಕ್ಕ ಒಂದು ಪೆಟ್ಟಿಗೆ, ಮೇಲೊಂದು ಸೈರನ್. ಯಾವ ಸೆನ್ಸರು ಕೂಗಿದರೂ ಪೆಟ್ಟಿಗೆಯ ಮೇಲೆ ಅದರ ನಂಬರು ಮೂಡುತ್ತದೆ, ಅದೇ ಕ್ಷಣಕ್ಕೆ ಅಣ್ಣನ ಮೊಬೈಲಿನಲ್ಲೂ ಸುದ್ದಿ. ನಮ್ಮಲ್ಲಿ ರಾತ್ರಿ ಎರಡು ಗಂಟೆಯಾದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಪಾಪ, ಆಫೀಸಿನ ಮೀಟಿಂಗಿನಲ್ಲಿ ಕೂತವನಿಗೆ ತಾಯಿಯ ಮನೆಗೆ ಕಳ್ಳ ನುಗ್ಗಿದ ಸುದ್ದಿ!

ಮಳೆಗಾಲ ಶುರುವಾಯಿತು ನೋಡಿ, ಕೂಗುವುದಕ್ಕೂ ಶುರುವಾಯಿತು. ಮೊದಲ ರಾತ್ರಿ ಇಡೀ ಬೀದಿಯೇ ಎದ್ದು ಬಂತು. ಒಬ್ಬರ ಕೈಯಲ್ಲಿ ಟಾರ್ಚು, ಒಬ್ಬರ ಕೈಯಲ್ಲಿ ದೊಣ್ಣೆ, ಎದುರುಮನೆಯ ಮೇಷ್ಟ್ರ ಕೈಯಲ್ಲಿ ಛತ್ರಿ. ಕಳ್ಳನಿಲ್ಲ. ಎರಡನೆಯ ಸಲ ಅರ್ಧ ಬೀದಿ ಬಂತು. ನಾಲ್ಕನೆಯ ಸಲ ಮೇಷ್ಟ್ರು ಕಿಟಕಿಯಿಂದಲೇ, "ಎಲ್ಲ ಸರಿ ಇದೆಯಾ ಅಮ್ಮಾ?" ಎಂದರು. ಏಳನೆಯ ಸಲ ಯಾವ ಮನೆಯಲ್ಲೂ ದೀಪ ಹೊತ್ತಿಕೊಳ್ಳಲಿಲ್ಲ. 'ಹುಲಿ ಬಂತು ಹುಲಿ' ಕಥೆಯ ದನಕಾಯುವ ಹುಡುಗನ ಪಾಡು ದೊಡ್ಡಮ್ಮನದಾಯಿತು. ಆ ಹುಡುಗ ತಮಾಷೆಗೆ ಕೂಗಿದ್ದ. ಇಲ್ಲಿ ದೊಡ್ಡಮ್ಮ ಬಾಯಿಯನ್ನೇ ತೆರೆದಿರಲಿಲ್ಲ.

ನಿದ್ದೆಗೆಟ್ಟದ್ದು ದೊಡ್ಡ ಸಂಗತಿಯಲ್ಲ. ದೊಡ್ಡ ಸಂಗತಿ ಅಣ್ಣನ ಫೋನಿನಲ್ಲಿ ಬಂತು. "ಇಪ್ಪತ್ತೈದು ದಿನಕ್ಕೆ ಹದಿನಾಲ್ಕು ಸಲ ಅಲಾರಂ. ಇನ್ನು ಅಮ್ಮ ಒಬ್ಬಳೇ ಇರುವುದು ಬೇಡ. ದೀಪಾವಳಿಗೆ ಬಂದು ಮನೆ ಮಾರಾಟದ ಏರ್ಪಾಡು ಮಾಡುತ್ತೇನೆ. ಬೆಂಗಳೂರಿನಲ್ಲಿ ವಯಸ್ಸಾದವರಿಗೆಂದೇ ಒಳ್ಳೆಯ ಫ್ಲಾಟುಗಳಿವೆ, ನೋಡಿದ್ದೇನೆ" ಎಂದ. ಅವನ ದನಿಯಲ್ಲಿ ದುರಾಸೆಯಿರಲಿಲ್ಲ, ಹೆದರಿಕೆಯಿತ್ತು. ಅದಕ್ಕೇ ಎದುರು ಹೇಳುವುದು ಕಷ್ಟ. ದೊಡ್ಡಮ್ಮ ಫೋನಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಕಳ್ಳ ಬಂದರೆ ಬಂಗಾರ ಒಯ್ಯುತ್ತಿದ್ದ. ಈ ಪೆಟ್ಟಿಗೆ ಮನೆಯನ್ನೇ ಒಯ್ಯುತ್ತದೆ ಅಂತ ಕಾಣುತ್ತೆ ಮಾರಾಯ್ತಿ" ಎಂದರು.

ಪ್ಲಗ್ ಕಿತ್ತುಬಿಡೋಣವೇ ಎಂಬ ಯೋಚನೆ ಬಂತು. ಕಿತ್ತರೆ ಅಣ್ಣನ ಮೊಬೈಲಿಗೆ 'ಸಂಪರ್ಕ ಕಡಿದಿದೆ' ಎಂಬ ಸುದ್ದಿ ಹೋಗುತ್ತದೆ. ಅವನ ಹೆದರಿಕೆ ಇಮ್ಮಡಿ. ಹಾಕಿಕೊಟ್ಟ ಕಂಪನಿಗೆ ಫೋನು ಮಾಡಿದೆವು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒತ್ತಿಸಿ ಒತ್ತಿಸಿ, ಕೊನೆಗೆ ಸಿಕ್ಕ ಹುಡುಗಿ, "ಸೆನ್ಸರಿನ ಸೂಕ್ಷ್ಮತೆ ಕಡಿಮೆ ಮಾಡಿಬಿಡಿ ಮೇಡಂ" ಎಂದಳು. ದೊಡ್ಡಮ್ಮ ಒಪ್ಪಲಿಲ್ಲ. "ಕಾವಲಿನವನು ಬಹಳ ಕೂಗುತ್ತಾನೆ ಅಂತ ಅವನನ್ನು ಕಿವುಡ ಮಾಡುವುದೇ? ಯಾಕೆ ಕೂಗುತ್ತಾನೆ ಅಂತ ನೋಡಬೇಡವೇ?" ಎಂದರು. ಮೂರು ಮಕ್ಕಳನ್ನು ಹೆತ್ತು, ಆರು ಮೊಮ್ಮಕ್ಕಳ ಬಾಣಂತನ ಮಾಡಿದ ಜೀವ ಅದು. ಮಗು ಅತ್ತರೆ ಬಾಯಿ ಮುಚ್ಚಿಸುವವರಲ್ಲ. ಹಸಿವೆಯೋ, ಹೊಟ್ಟೆನೋವೋ, ಲಂಗೋಟಿ ಒದ್ದೆಯೋ, ಇರುವೆ ಕಚ್ಚಿತೋ ಎಂದು ಒಂದೊಂದಾಗಿ ನೋಡುವವರು.

ಹಾಲಿನ ಲೆಕ್ಕದ ಹಳೆಯ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು. ಅವನ್ನೇ ತೆಗೆದು ಗೆರೆ ಹಾಕಿದೆವು. ತಾರೀಖು, ಗಂಟೆ, ಎಷ್ಟನೆಯ ನಂಬರು ಕೂಗಿತು, ಹೊರಗೆ ಮಳೆಯೋ ಬಿಸಿಲೋ ಗಾಳಿಯೋ, ಕರೆಂಟು ಇತ್ತೋ ಇಲ್ಲವೋ, ಮನೆಯಲ್ಲಿ ಆಗ ಏನು ನಡೆಯುತ್ತಿತ್ತು. ಇಷ್ಟೇ. ಪ್ರತಿ ಕೂಗಿಗೂ ಒಂದು ಸಾಲು. ಎರಡು ವಾರದಲ್ಲಿ ಆ ಪುಸ್ತಕ ಮಾತನಾಡತೊಡಗಿತು.

ಮುಂಬಾಗಿಲಿನ ಸಾಲುಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಅದು ಕೂಗಿದ್ದೆಲ್ಲ ಗಾಳಿ ಮಳೆ ಎರಡೂ ಇದ್ದ ರಾತ್ರಿಗಳಲ್ಲಿ. ಈ ಬಾಗಿಲ ಸೆನ್ಸರಿನ ಗುಟ್ಟು ಬಹಳ ಸರಳ. ಎರಡು ತುಂಡು, ಒಂದರಲ್ಲಿ ಆಯಸ್ಕಾಂತ, ಇನ್ನೊಂದರಲ್ಲಿ ಗಾಜಿನ ಸಣ್ಣ ಕೊಳವೆಯೊಳಗೆ ತೆಳುವಾದ ಎರಡು ಲೋಹದ ನಾಲಿಗೆ. ಆಯಸ್ಕಾಂತ ಹತ್ತಿರವಿದ್ದರೆ ನಾಲಿಗೆಗಳು ಕೂಡಿಕೊಂಡಿರುತ್ತವೆ. ಬಾಗಿಲು ತೆರೆದು ಆಯಸ್ಕಾಂತ ದೂರವಾದರೆ ಅಗಲುತ್ತವೆ, ಕೂಗು ಏಳುತ್ತದೆ. ಉಪಾಯ ಹೊಸದೇನಲ್ಲ. ಬಾಗಿಲು ತೆರೆದರೆ ವಿದ್ಯುತ್ತಿನ ಗಂಟೆ ಬಾರಿಸುವ ಏರ್ಪಾಡಿಗೆ ಅಮೆರಿಕದ ಆಗಸ್ಟಸ್ ಪೋಪ್ ಎಂಬಾತ 1853ರಲ್ಲೇ ಪೇಟೆಂಟ್ ಪಡೆದಿದ್ದ. ದೊಡ್ಡಮ್ಮನ ಮನೆಯದು ಎರಡು ರೆಕ್ಕೆಯ ಹಳೆಯ ಮರದ ಬಾಗಿಲು. ಮಲೆನಾಡಿನ ಮಳೆಗೆ ಮರ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಬಾಗಿಲು ಪೂರ್ತಿ ಕೂರುವುದಿಲ್ಲ. ಕೂರದ ಬಾಗಿಲನ್ನು ಗಾಳಿ ಹಿಂದೆ ಮುಂದೆ ಅಲ್ಲಾಡಿಸುತ್ತದೆ. ಬೇಸಿಗೆಯಲ್ಲಿ ಒಂದು ಬೆರಳಿನಷ್ಟಿದ್ದ ಸಂದು ಮಳೆಗಾಲದಲ್ಲಿ ಎರಡು ಬೆರಳಾಗಿತ್ತು. ಬಾಗಿಲು ಸ್ವಲ್ಪ ತೆರೆದಿದೆ ಎಂದು ಸೆನ್ಸರು ಹೇಳಿತ್ತು, ಅದರಲ್ಲಿ ಸುಳ್ಳೇನಿತ್ತು?

ಸಾಗರ ಗಂಧದ ಕೆತ್ತನೆಗೆ ಹೆಸರಾದ ಊರು, ಮರದ ಕೆಲಸದವರಿಗೆ ಬರವೇ? ಬಡಗಿಯೊಬ್ಬರು ಬಂದು ಬಾಗಿಲಂಚಿಗೆ ಉಜ್ಜುಗೊರಡು ಹಾಕಿದರು. ಎಡರೆಕ್ಕೆಯ ಮೇಲಿನ ಅಗುಳಿ ಸಡಿಲವಾಗಿತ್ತು, ಬಿಗಿ ಮಾಡಿದರು. ಆಯಸ್ಕಾಂತದ ಅಡಿಗೆ ತೆಳ್ಳನೆಯ ಮರದ ಚಕ್ಕೆ ಕೊಟ್ಟು ಜೊತೆಯ ತುಂಡಿನ ಹತ್ತಿರಕ್ಕೆ ತಂದರು. ಅಲ್ಲಿಂದೀಚೆಗೆ ಮುಂಬಾಗಿಲು ತೆಪ್ಪಗಿದೆ.

ನಡುಮನೆಯ ಮೊಟ್ಟೆಯ ಕಥೆ ಇನ್ನೂ ಸ್ವಾರಸ್ಯ. ಅದು ಹಗಲು ಕೂಗಿದ್ದೆಲ್ಲ ಮಂಗಳವಾರ ಇಲ್ಲವೇ ಶನಿವಾರ, ಸಂಜೆ ಐದರ ಸುಮಾರಿಗೆ. ಆ ಎರಡು ದಿನ ದೊಡ್ಡಮ್ಮನಿಗೆ ಭಜನೆ. "ನಿಮ್ಮ ಕಳ್ಳನಿಗೆ ಭಜನೆಯ ವೇಳಾಪಟ್ಟಿ ಬಾಯಿಪಾಠ" ಎಂದು ಮಂಡಳಿಯವರು ನಕ್ಕರು. ನಗುವ ಮಾತಿನಲ್ಲೇ ಅರ್ಧ ಉತ್ತರವಿತ್ತು. ಆ ಎರಡು ದಿನ ಮಾತ್ರ ಹಗಲಿನಲ್ಲಿ ಮನೆಗೆ ಬೀಗ, ನಡುಮನೆಯ ಸೆನ್ಸರಿಗೆ ಕೆಲಸ. ಉಳಿದರ್ಧ ಪುಸ್ತಕದಲ್ಲಿತ್ತು. ಅಷ್ಟೂ ದಿನ ಮೋಡ ಹರಿದು ಒಂದಿಷ್ಟು ಬಿಸಿಲು ಬಿದ್ದಿತ್ತು.

ಈ ಬಿಳಿ ಮೊಟ್ಟೆ ಕಣ್ಣಲ್ಲ, ಚರ್ಮ ಎನ್ನಬಹುದು. ಅದು ನೋಡುವುದು ಆಕಾರವನ್ನಲ್ಲ, ಶಾಖವನ್ನು. ನಮ್ಮೆಲ್ಲರ ಮೈಯಿಂದ ಕಣ್ಣಿಗೆ ಕಾಣದ ಶಾಖದ ಕಿರಣ ಹೊರಡುತ್ತಲೇ ಇರುತ್ತದೆ. ಮುಂದಿರುವ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಬಿಸಿ ವಸ್ತುವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಒಳಗಿನ ಹರಳಿಗೆ ಶಾಖದ ಏರಿಳಿತ ಗೊತ್ತಾಗುತ್ತದೆ. ಅಲುಗಾಡದೆ ಕೂತವರು ಅದರ ಪಾಲಿಗೆ ಇಲ್ಲವೇ ಇಲ್ಲ. ಬಿಸಿಲಿಗೆ ಬೀಳುವ ಥಟ್ಟನೆಯ ಕಾವು, ಹೀಟರಿನ ಗಾಳಿ, ಬಿಸಿಗಾಳಿಗೆ ತೂಗುವ ಪರದೆ, ಇವೆಲ್ಲ ಅದಕ್ಕೆ ಮನುಷ್ಯರಂತೆಯೇ. ನಡುಮನೆಯ ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ನೇರ ಅದರ ಮುಖಕ್ಕೇ ಬೀಳುತ್ತಿತ್ತು. ಸೂರ್ಯದೇವರು ಒಳಗೆ ಬಂದರೆ ಕಳ್ಳ ಬಂದನೆಂದು ಕೂಗುತ್ತಿತ್ತು.

ಇದು ನಮ್ಮ ಸಾಗರದ ನಡುಮನೆಗೆ ಮಾತ್ರ ಆದದ್ದಲ್ಲ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಕಾವಲು ಕೇಂದ್ರವೊಂದರಲ್ಲಿ ಇಂಥದೇ ಸೈರನ್ ಮೊಳಗಿತ್ತು. ಅಮೆರಿಕ ಅಣ್ವಸ್ತ್ರದ ಕ್ಷಿಪಣಿ ಹಾರಿಸಿದೆ, ಒಂದಾದ ಮೇಲೊಂದು ಐದು ಬರುತ್ತಿವೆ ಎಂದು ಉಪಗ್ರಹ ಹೇಳಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ತನಿಸ್ಲಾವ್ ಪೆಟ್ರೋವ್ ಗಾಬರಿಯಲ್ಲಿ ಮೇಲಕ್ಕೆ ಯುದ್ಧದ ಸುದ್ದಿ ಮುಟ್ಟಿಸಲಿಲ್ಲ. ಯುದ್ಧ ಹೂಡುವವರು ಬರೀ ಐದು ಕ್ಷಿಪಣಿ ಹಾರಿಸುತ್ತಾರೆಯೇ ಎಂದು ಯೋಚಿಸಿ ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದ. ಮೋಡಗಳ ಮೇಲೆ ಬಿದ್ದು ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿಯೆಂದು ತಿಳಿದಿತ್ತೆಂದು ಆಮೇಲೆ ಗೊತ್ತಾಯಿತು. ಅಂಥ ಯಂತ್ರಕ್ಕೇ ಬಿಸಿಲು ಚಳ್ಳೆಹಣ್ಣು ತಿನ್ನಿಸಿದ ಮೇಲೆ ನಮ್ಮ ಮೊಟ್ಟೆ ಯಾವ ಲೆಕ್ಕ! ಈ ಸಂಗತಿ ಹೇಳಿದಾಗ ದೊಡ್ಡಮ್ಮ, "ಆ ಪುಣ್ಯಾತ್ಮ ಒಂದು ಗಳಿಗೆ ತಡೆದು ಯೋಚಿಸಿದನಲ್ಲ, ಅದೇ ದೊಡ್ಡದು" ಎಂದರು.

ಅದೇ ಸೆನ್ಸರು ರಾತ್ರಿಯೂ ಒಮ್ಮೊಮ್ಮೆ ಕೂಗುತ್ತಿತ್ತಲ್ಲ, ಅದಕ್ಕೆ ಬೇರೆ ಕಾರಣ. ಅದನ್ನು ಕೂರಿಸಿದ್ದು ಟ್ಯೂಬ್‌ಲೈಟಿನ ಪಕ್ಕ. ಮಳೆಗಾಲದ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಹಲ್ಲಿ ಬರುತ್ತದೆ. ಮಸೂರದ ಮೇಲೇ ಹಲ್ಲಿ ಹರಿದಾಡಿದರೆ ಸೆನ್ಸರಿಗೆ ಅದು ಆನೆಯಷ್ಟು ದೊಡ್ಡದು. ನಮ್ಮ ಪಂಚಾಂಗದಲ್ಲಿ ಹಲ್ಲಿ ಮೈಮೇಲೆ ಬಿದ್ದ ಫಲವಿದೆ. ಸೆನ್ಸರಿನ ಮೇಲೆ ಬಿದ್ದ ಫಲ ಇದು. ಎಲೆಕ್ಟ್ರಿಕ್ ಕೆಲಸದ ಹುಡುಗ ಬಂದು ಅದನ್ನು ಕಿಟಕಿಯಿರುವ ಗೋಡೆಗೇ, ದೀಪದಿಂದ ದೂರಕ್ಕೆ ಬದಲಾಯಿಸಿದ. ಈಗ ಬಿಸಿಲಿಗೆ ಅದರ ಬೆನ್ನು. ವಾರಕ್ಕೊಮ್ಮೆ ದೊಡ್ಡಮ್ಮನ ಕೆಲಸದಾಕೆ ಒಣಬಟ್ಟೆಯಲ್ಲಿ ಮಸೂರದ ಧೂಳು, ಜೇಡರಬಲೆ ಒರೆಸುತ್ತಾಳೆ. ಒಂದೇ ಸಲಕ್ಕೆ ಎರಡು ಕಾಯಿಲೆ ವಾಸಿ.

ಹಿತ್ತಲ ಬಾಗಿಲಿನದು ದೊಡ್ಡ ಕೂಗಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು 'ಕೀಚ್, ಕೀಚ್' ಎನ್ನುವ ನರಳಾಟ. ಒಳಗಿನ ಬಟನ್ ಬ್ಯಾಟರಿ ಮುಗಿಯುತ್ತ ಬಂದಿತ್ತು. ಬ್ಯಾಟರಿಯ ಶಕ್ತಿ ಚಳಿಗೆ ಕುಗ್ಗುತ್ತದೆ. ಹಗಲಿನ ಬೆಚ್ಚಗೆಯಲ್ಲಿ ಹೇಗೋ ದೂಡಿದ್ದು ಬೆಳಗಿನ ಜಾವದ ತಣ್ಣಗೆಗೆ ಸೋಲುತ್ತದೆ. ಮಂಡಿನೋವಿನ ದೊಡ್ಡಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಯುಗಾದಿಗೊಮ್ಮೆ ಎಲ್ಲ ಬ್ಯಾಟರಿ ಬದಲಾಯಿಸುವುದು ಎಂದು ಪುಸ್ತಕದಲ್ಲಿ ಬರೆದಿಟ್ಟರು. ಮರೆಯದ ದಿನ ನೋಡಿ ಅದು.

ಅಡುಗೆಮನೆಯ ಬಟ್ಟಲಿನ ಕಾಟವನ್ನು ಯಾವ ಗೃಹಿಣಿಯೂ ಊಹಿಸಬಲ್ಲಳು. ಒಲೆಯ ನೆತ್ತಿಯ ಮೇಲೇ ಹೊಗೆಯ ಸೆನ್ಸರು ಕೂರಿಸಿದವನು ಜನ್ಮದಲ್ಲಿ ಒಗ್ಗರಣೆ ಕಂಡವನಲ್ಲ. ಅದರೊಳಗೆ ಒಂದು ಬೆಳಕಿನ ಎಳೆ ಇರುತ್ತದೆ. ಹೊಗೆಯ ಕಣಗಳು ನುಗ್ಗಿದರೆ ಬೆಳಕು ಚದುರಿ ಪಕ್ಕದ ಕಣ್ಣಿಗೆ ಬೀಳುತ್ತದೆ, ಕೂಗುತ್ತದೆ. ಬೆಂಕಿಯ ಹೊಗೆಯೋ ಒಣಮೆಣಸಿನ ಘಾಟೋ ಇಡ್ಲಿಯ ಹಬೆಯೋ, ಭೇದವಿಲ್ಲ. ಒಲೆಯಿಂದ ಅದು ಹತ್ತಡಿಯಾದರೂ ದೂರವಿರಬೇಕು. ಅಡುಗೆಮನೆಯಿಂದ ನಡುಮನೆಗೆ ಬರುವ ಓಣಿಯ ಮಾಡಿಗೆ ಅದನ್ನು ಸಾಗಿಸಿದೆವು. ಗ್ಯಾಸ್ ಸೋರಿಕೆಯ ಸೆನ್ಸರು ಹಾಕಿಸುವವರಿಗೆ ಒಂದು ಮಾತು: ನಮ್ಮ ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಅದನ್ನು ಕೆಳಗೆ, ನೆಲದ ಹತ್ತಿರ ಇಡಬೇಕು. ಮಾಡಿನಲ್ಲಿಟ್ಟರೆ ಕೂಗುವ ಹೊತ್ತಿಗೆ ತಡವಾಗಿರುತ್ತದೆ.

ಉಳಿದದ್ದು ಕರೆಂಟು. ಗಾಳಿಗೆ ತಂತಿ ಕಡಿದು ಕರೆಂಟು ಹೋದಾಗಲೆಲ್ಲ ಇಂಟರ್‌ನೆಟ್ಟಿನ ಡಬ್ಬಿ ಸತ್ತು, ಅಣ್ಣನಿಗೆ ಸಂಪರ್ಕ ಕಡಿದ ಸುದ್ದಿ ಹೋಗುತ್ತಿತ್ತು. ಮನೆಯ ಯುಪಿಎಸ್ಸು ಟಿ.ವಿ. ಮತ್ತು ಫ್ಯಾನಿಗೆ ಮಾತ್ರ ಇತ್ತು. ಟಿ.ವಿ.ಯನ್ನು ಅದರಿಂದ ಕಳಚಿ ಆ ಜಾಗಕ್ಕೆ ಪೆಟ್ಟಿಗೆಯನ್ನೂ ಡಬ್ಬಿಯನ್ನೂ ಸೇರಿಸಿದೆವು. ಧಾರಾವಾಹಿ ನಡುವೆ ನಿಂತರೂ ಪರವಾಗಿಲ್ಲ ಎಂದು ದೊಡ್ಡಮ್ಮ ಒಪ್ಪಿದರು. ಆ ತ್ಯಾಗದ ಬೆಲೆ ತಿಳಿದವರಿಗೇ ತಿಳಿದೀತು.

ಪುಸ್ತಕದ ಹಾಳೆಗಳ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಜೊತೆಗೆ ಒಂದು ಸಂಗತಿಯನ್ನೂ ಬರೆದೆ. ಮನೆಗೆ ಕ್ಯಾಮೆರಾ ಮತ್ತು ಟಿ.ವಿ. ಜೋಡಿಸಿ ಕಾವಲು ಕಾಯುವ ಏರ್ಪಾಡಿಗೆ 1966ರಲ್ಲಿ ಗಂಡನೊಡನೆ ಪೇಟೆಂಟಿಗೆ ಅರ್ಜಿ ಹಾಕಿದವಳು ಒಬ್ಬ ಹೆಣ್ಣುಮಗಳು, ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಕಪ್ಪು ಜನಾಂಗದ ನರ್ಸು. ಗಂಡ ಎಲೆಕ್ಟ್ರಾನಿಕ್ಸ್ ಕೆಲಸಗಾರ. ಇಬ್ಬರದೂ ಹೊತ್ತು ಗೊತ್ತಿಲ್ಲದ ದುಡಿಮೆ, ಒಬ್ಬಳೇ ಇರುವ ರಾತ್ರಿಗಳು, ಕರೆದರೆ ಬೇಗ ಬಾರದ ಪೊಲೀಸರು. ಬಾಗಿಲಿಗೆ ಇಣುಕುಗಂಡಿ, ಅದರ ಹಿಂದೆ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಚಿತ್ರ, ಒತ್ತಿದರೆ ಎಚ್ಚರಿಕೆ ಮುಟ್ಟಿಸುವ ಗುಂಡಿ, ಎಲ್ಲ ಯೋಚಿಸಿದ್ದಳು. 1969ರ ಡಿಸೆಂಬರ್ 2ರಂದು ಪೇಟೆಂಟ್ ಸಿಕ್ಕಿತು. ತನ್ನ ಮನೆಯಲ್ಲಿ ತಾನು ಹೆದರದೆ ಇರಬೇಕೆಂದು ಅವಳು ಇದನ್ನು ಕಟ್ಟಿದ್ದು. "ಅಂಥದೇ ಯಂತ್ರದ ನೆಪದಲ್ಲಿ ದೊಡ್ಡಮ್ಮ ಮನೆ ಬಿಡುವಂತಾದರೆ ಹೇಗೆ ಅಣ್ಣಾ?" ಎಂದು ಕೇಳಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ, "ಹಲ್ಲಿಯ ವಿಷಯ ನಿಜವೇ?" ಎಂದು ಕೇಳಿದ. ಅಷ್ಟು ಸಾಕಾಯಿತು.

ಆದರೆ ಯಂತ್ರ ಸರಿಯಾದರೆ ಮುಗಿಯಲಿಲ್ಲ. ಬೀದಿಯ ಕಿವಿ ಸರಿಯಾಗಬೇಕಲ್ಲ. ಈಗ ನಿಜವಾಗಿ ಕಳ್ಳ ಬಂದು ಸೈರನ್ ಕೂಗಿದರೂ ಜನ ಮಗ್ಗುಲು ಬದಲಿಸಿ ಮಲಗುತ್ತಾರೆ. ಇದು ಅಲಾರಂ ಇರುವ ಎಲ್ಲ ಮನೆಯವರೂ ಮರೆಯುವ ಮಾತು. ಯಂತ್ರ ಕೂಗಬಲ್ಲದು, ಬರಬೇಕಾದವರು ಮನುಷ್ಯರು. ದೊಡ್ಡಮ್ಮ ಒಂದು ಡಬ್ಬಿ ಕೋಡುಬಳೆ ಕರಿದರು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೂ ಹೋದರು. "ಇಂಥ ದಿನ ಕೂಗಿದ್ದು ಬಾಗಿಲು ಉಬ್ಬಿ, ಇಂಥ ದಿನ ಬಿಸಿಲಿಗೆ, ಇದು ಒಗ್ಗರಣೆಗೆ. ಎಲ್ಲ ಸರಿಮಾಡಿಸಿದ್ದೇನೆ. ಇನ್ನು ಕೂಗಿದರೆ ದಯವಿಟ್ಟು ಬನ್ನಿ" ಎಂದು ಲೆಕ್ಕ ಒಪ್ಪಿಸಿದರು. ಮೇಷ್ಟ್ರು ಕನ್ನಡಕ ಏರಿಸಿ ಪುಸ್ತಕವನ್ನೆಲ್ಲ ಓದಿ, "ನನ್ನ ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕವೂ ಇಷ್ಟು ಚೆನ್ನಾಗಿರಲಿಲ್ಲ" ಎಂದರು. ಸೈರನ್ ಕೂಗಿದರೆ ಸುದ್ದಿ ಅಣ್ಣನ ಜೊತೆಗೇ ಮೇಷ್ಟ್ರ ಮೊಬೈಲಿಗೂ ನನ್ನ ಮೊಬೈಲಿಗೂ ಬರುವಂತೆ ಮಾಡಿಕೊಂಡೆವು. ಅನುಮಾನವಿದ್ದರೆ ಒಳಗೆ ಹೋಗದೆ ಪೊಲೀಸರ 112ಕ್ಕೆ ಕರೆ ಮಾಡುವುದೆಂದೂ ಆಯಿತು.

ಐದು ವಾರ ಸದ್ದಿರಲಿಲ್ಲ. ಆಮೇಲೊಂದು ರಾತ್ರಿ, ಒಂದೂವರೆಗೆ, ನಡುಮನೆಯ ನಂಬರು ಕೂಗಿತು. ನಾನು ಓಡಿಹೋಗುವಷ್ಟರಲ್ಲಿ ಜಗಲಿಯ ತುಂಬ ಛತ್ರಿ, ಟಾರ್ಚು, ರೇನ್‌ಕೋಟು. ಗವಾಕ್ಷಿಯಿಂದ ಇಳಿದ ಕರಿಬೆಕ್ಕೊಂದು ಅಟ್ಟದ ಅಂಚಿನಲ್ಲಿ ಕೂತು ಎಲ್ಲರನ್ನೂ ದಿಟ್ಟಿಸುತ್ತಿತ್ತು. ಯಾರೂ ಗೊಣಗಲಿಲ್ಲ. ಗವಾಕ್ಷಿಗೆ ಜಾಲರಿ ಹೊಡೆಸುವ ಬಗ್ಗೆ ಅಲ್ಲೇ ಸಭೆ ನಡೆಯಿತು. ದೊಡ್ಡಮ್ಮ ಕಷಾಯಕ್ಕೆ ನೀರಿಟ್ಟರು. ಅಷ್ಟರಲ್ಲಿ ಅಣ್ಣನ ಫೋನು. ಹಿಂದೆಲ್ಲ, "ಏನಾಯ್ತು? ಕಳ್ಳನಾ?" ಎನ್ನುತ್ತಿದ್ದವನು ಈ ಸಲ, "ಯಾರ್ಯಾರು ಬಂದಿದ್ದಾರೆ ಅಮ್ಮಾ?" ಎಂದು ಕೇಳಿದ.

ಮನೆ ಮಾರುವ ಮಾತು ಪೂರ್ತಿ ನಿಂತಿದೆ ಎನ್ನಲಾರೆ. ವಯಸ್ಸು, ಮಂಡಿ, ದೂರ, ಇವು ಯಾವ ಬಡಗಿಯೂ ಸರಿಮಾಡಲಾಗದ ಸಂಗತಿಗಳು. ದೀಪಾವಳಿಗೆ ಬಂದವನು ಆ ಮಾತು ಎತ್ತಲಿಲ್ಲ, ಜಾಲರಿ ಹೊಡೆಸಿ ಹೋದ. ಮುಂದೆ ಎತ್ತಿದರೂ ಅಲಾರಮ್ಮನ್ನು ಸಾಕ್ಷಿಗೆ ಕರೆಯಲಾರ. ಪುಸ್ತಕದಲ್ಲಿ ಬೆಕ್ಕಿನ ರಾತ್ರಿಯ ಸಾಲು ದೊಡ್ಡಮ್ಮನ ದುಂಡು ಅಕ್ಷರದಲ್ಲಿ ಹೀಗಿದೆ: 'ಕಾರಣ: ಬೆಕ್ಕು. ಬಂದವರು: ಹನ್ನೊಂದು ಜನ. ಹಾಲು ಸಾಲಲಿಲ್ಲ, ನಾಳೆಯಿಂದ ಅರ್ಧ ಲೀಟರ್ ಹೆಚ್ಚಿಗೆ ಹೇಳಬೇಕು.'